ಕಟ್ ಅಂದಿದ್ದು ಕೇಳಿಸಲಿಲ್ಲ

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮುಂಬೈ ಹತ್ತಿರದ ನಾಯ್ಗಾಂವ್‌ನ ಒಂದು ಸೆಟ್‌ನಲ್ಲಿ ನನ್ನ ತಮ್ಮ ತೀರಿಕೊಂಡ. ಸೀರಿಯಲ್‌ನಲ್ಲಿ, ಮಾರಾಯ್ರೆ. ಹೀರೋಯಿನ್‌ನ ಅಪ್ಪ ಅವನು, ನಾನು ಅವಳ ದೊಡ್ಡಪ್ಪ. ಗೋಡೆಯ ಮೇಲೆ ತಮ್ಮನ ಫೋಟೋ, ಅದಕ್ಕೊಂದು ಗಂಧದ ಹಾರ, ಕೆಳಗೆ ಸೆಲ್ ಹಾಕಿದ ದೀಪ. ನಾನು ಕಣ್ಣು ಮುಚ್ಚಿ, ಕೈ ಮುಗಿದು ನಾಲ್ಕು ಸಾಲು ಹೇಳಬೇಕು. ಕೊನೆಯ ಸಾಲಿಗೆ ಕಣ್ಣು ಬಿಟ್ಟು ಫೋಟೋ ನೋಡಬೇಕು. ಅಷ್ಟೇ ಕೆಲಸ. ಅಷ್ಟಕ್ಕೆ ಬೆಳಿಗ್ಗೆ ಏಳಕ್ಕೆ ಹೋಗಿ ಮಧ್ಯಾಹ್ನ ಮೂರರ ತನಕ ಕಾದಿದ್ದೆ.

ಎರಡು ಸಾಲು ಆಗಿತ್ತು. ಅಷ್ಟರಲ್ಲಿ ಡೈರೆಕ್ಟರ್ ಕಟ್ ಅಂದಿದ್ದಾರೆ. ಫೋಟೋ ತಪ್ಪಾಗಿತ್ತಂತೆ. ಬೇರೆ ಯಾವುದೋ ಸೀರಿಯಲ್‌ನಲ್ಲಿ ಸತ್ತವನ ಫೋಟೋ ತಂದು ನೇತು ಹಾಕಿದ್ದರು. ಆರ್ಟ್‌ನ ಹುಡುಗ ಓಡಿ ಬಂದು ಹಾರದ ಸಮೇತ ಕಳಚಿಕೊಂಡು ಹೋಗಿದ್ದಾನೆ. ನನಗೆ ಇದ್ಯಾವುದೂ ಗೊತ್ತಿಲ್ಲ.

ನನ್ನ ಎಡಕಿವಿ ಪೂರ್ತಿ ಹೋಗಿ ಹತ್ತು ವರ್ಷವಾಯಿತು. ಬಲಕಿವಿಗೆ ಮೆಷಿನ್ ಹಾಕುತ್ತೇನೆ. ಅದಕ್ಕೆ 312 ನಂಬರಿನ ಸೆಲ್ ಬೇಕು. ಕಂದು ಬಣ್ಣದ ಸ್ಟಿಕ್ಕರ್ ಅಂಟಿಸಿರುತ್ತಾರೆ, ಅಂಗಿಯ ಗುಂಡಿಗಿಂತ ಸಣ್ಣದು, ಕೈಯಿಂದ ಜಾರಿದರೆ ಮಂಚದ ಕೆಳಗೆ ದೇವರೇ ಹುಡುಕಿ ಕೊಡಬೇಕು. ಸೆಲ್ ಮುಗಿಯುವ ಮುಂಚೆ ಟುಂಯ್ ಟುಂಯ್ ಅಂತ ಎಚ್ಚರಿಸುತ್ತೆ. ಆ ದಿನ ಎಚ್ಚರಿಸಿತೋ ಇಲ್ಲವೋ, ಜನರೇಟರ್ ಗಲಾಟೆಯಲ್ಲಿ ಗೊತ್ತಾಗಲಿಲ್ಲ. ಎರಡನೇ ಸಾಲಿಗೆ ಸತ್ತೇ ಹೋಗಿತ್ತು.

ಮೂರನೇ ಸಾಲನ್ನೂ ಹೇಳಿದೆ. ಗಂಟಲು ಸ್ವಲ್ಪ ನಡುಗಿಸಿದೆ. ಆಮೇಲೆ ಕಣ್ಣು ಬಿಟ್ಟೆ. ಗೋಡೆ ಖಾಲಿ! ಒಂದು ಮೊಳೆ ಮಾತ್ರ ಇದೆ. ಹೊಸ ಡೈರೆಕ್ಟರ್, ಏನೋ ಯೋಚನೆ ಮಾಡಿರಬೇಕು, ಆಮೇಲೆ ಗ್ರಾಫಿಕ್ಸ್‌ನಲ್ಲಿ ತಮ್ಮನನ್ನು ತರುತ್ತಾರೇನೋ ಅಂದುಕೊಂಡೆ. ಮೊಳೆಯನ್ನೇ ದಿಟ್ಟಿಸಿ ನೋಡಿ ಕೊನೆಯ ಸಾಲು ಹೇಳಿದೆ. ‘ತೂ ಕಹೀಂ ನಹೀಂ ಗಯಾ ಛೋಟೇ. ತೂ ಯಹೀಂ ಹೈ.’ ನೀನು ಎಲ್ಲಿಗೂ ಹೋಗಿಲ್ಲ ತಮ್ಮಾ, ಇಲ್ಲೇ ಇದ್ದೀಯ. ಹೇಳಿ, ಕೈ ಎತ್ತಿ, ಮೊಳೆಯನ್ನು ಒಮ್ಮೆ ಮೆಲ್ಲಗೆ ಸವರಿದೆ.

ತಿರುಗಿ ನೋಡಿದರೆ ಇಡೀ ಯೂನಿಟ್ ನೆಲದ ಮೇಲಿದೆ. ಕ್ಯಾಮೆರಾ ಹಿಡಿದವನ ಭುಜ ಕುಣಿಯುತ್ತಿದೆ. ಹೀರೋಯಿನ್ ಅತ್ತು ಮೇಕಪ್ ಹಾಳು ಮಾಡಿಕೊಂಡಿದ್ದಾಳೆ, ನಗುವಿನಿಂದ. ಸ್ಪಾಟ್ ದಾದಾ ಚಹಾದ ಟ್ರೇ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡಿದ್ದಾನೆ. ನನಗೆ ಯಾರ ಸದ್ದೂ ಇಲ್ಲ. ಮೂಕಿ ಸಿನಿಮಾದ ಹಾಗೆ ಬಾಯಿಗಳು ಮಾತ್ರ ತೆರೆದಿವೆ.

ರಾತ್ರಿ ಮೀರಾ ರೋಡಿನ ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಅರ್ಧ ನಕ್ಕಳು, ಅರ್ಧ ಬೈದಳು. ‘ಎಂತ ಮಾರಾಯ್ರೆ, ಕೆಮಿ ಕೇಂತಿಲ್ಲ ಅಂತ ಅವ್ರಿಗೆ ಮೊದ್ಲೇ ಹೇಳೂಕೆ ಆತಿಲ್ಯಾ?’ ಹೇಳುವುದಿಲ್ಲ. ಹೇಳಿದರೆ ನಾಳೆ ಕರೆಯುವುದಿಲ್ಲ. ಈ ಲೈನ್‌ನಲ್ಲಿ ಕಿವಿ, ಮಂಡಿ, ವಯಸ್ಸು, ಮೂರೂ ಗುಟ್ಟಾಗಿ ಇಟ್ಟುಕೊಳ್ಳುವ ಸಾಮಾನು.

ಮಲಗಿದ ಮೇಲೆ ಕೆನಡಾದ ಒಬ್ಬ ನಟನ ನೆನಪು ಬಂತು. ಲೆಸ್ಲಿ ನೀಲ್ಸನ್. ಬಿಳಿ ಕೂದಲು, ಬ್ಯಾಂಕ್ ಮ್ಯಾನೇಜರ್ ಥರ ಮುಖ, ಏನೇ ಆದರೂ ಅಲುಗಾಡದ ಹುಬ್ಬು. ಅವನೂ ಜೀವನದ ಬಹುಪಾಲು ಕಿವಿಗೆ ಮೆಷಿನ್ ಹಾಕಿಕೊಂಡೇ ನಟಿಸಿದವನು.

ನಾನು ಅವನನ್ನು ಮೊದಲು ನೋಡಿದ್ದು ತೊಂಬತ್ತರ ದಶಕದಲ್ಲಿ. ಆಗ ನಾನು ಮಸ್ಜಿದ್ ಬಂದರ್‌ನ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಅದಕ್ಕೂ ಮುಂಚಿನದು ಎಲ್ಲ ಕುಂದಾಪುರ ಕಡೆ ಹುಡುಗರ ಕತೆಯೇ. ಫೋರ್ಟ್‌ನ ಉಡುಪಿ ಹೋಟೆಲಿನಲ್ಲಿ ಕೆಲಸ, ಸಂಜೆ ರಾತ್ರಿಶಾಲೆ, ರಜೆ ಸಿಕ್ಕಿದರೆ ಮಾಟುಂಗಾದ ಮೈಸೂರು ಅಸೋಸಿಯೇಶನ್‌ನಲ್ಲಿ ನಾಟಕ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಆ ಕಾಲದಲ್ಲಿ ನಮ್ಮ ಚಾಳಿನ ಕೇಬಲ್‌ವಾಲಾ ರಾತ್ರಿ ಹತ್ತರ ಮೇಲೆ ಇಂಗ್ಲಿಷ್ ಕ್ಯಾಸೆಟ್ ಹಾಕುತ್ತಿದ್ದ. ಒಂದು ದಿನ ‘ದಿ ಪೊಸೈಡನ್ ಅಡ್ವೆಂಚರ್’ ಬಂತು, 1972ರದ್ದು. ಹೊಸ ವರ್ಷದ ರಾತ್ರಿ ದೊಡ್ಡ ಅಲೆ ಬಡಿದು ಹಡಗು ತಲೆಕೆಳಗಾಗುತ್ತದೆ. ಅಲೆ ಬರುವುದನ್ನು ನೋಡುತ್ತಾ ನಿಂತ ಕ್ಯಾಪ್ಟನ್ ಇವನೇ. ಬೇಗ ಸಾಯುತ್ತಾನೆ. ಆದರೆ ಆ ಮುಖ ನೆನಪಿನಲ್ಲಿ ಉಳಿಯಿತು. ಕೆಲವು ವಾರ ಬಿಟ್ಟು ‘ದಿ ನೇಕೆಡ್ ಗನ್’ ಹಾಕಿದ. ಪಕ್ಕದ ಮನೆಯ ಹುಡುಗರೆಲ್ಲ ಬಿದ್ದು ಬಿದ್ದು ನಗುತ್ತಿದ್ದಾರೆ. ನಾನು ಮಾತ್ರ, ಅರೆ, ಇವನು ಹಡಗಿನ ಕ್ಯಾಪ್ಟನ್ ಅಲ್ವಾ, ಇವನಿಗೇನಾಯಿತು ಅಂತ ಕಕ್ಕಾಬಿಕ್ಕಿ. ಯಾಕೆಂದರೆ ಮುಖ ಅದೇ. ಒಂದು ಎಳೆಯೂ ಬದಲಾಗಿಲ್ಲ. ಅಲೆ ಬರುವಾಗ ಹೇಗಿತ್ತೋ ಇಲ್ಲೂ ಹಾಗೇ ಇದೆ.

ಆಗಿನಿಂದ ಅವನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ.

1926ರಲ್ಲಿ ಸಸ್ಕಾಚೆವನ್ ಪ್ರಾಂತ್ಯದ ರೆಜೈನಾದಲ್ಲಿ ಹುಟ್ಟಿದವನು. ಅಪ್ಪ ಡೆನ್ಮಾರ್ಕ್‌ನಿಂದ ಬಂದವರು, ಕೆನಡಾದ ಮೌಂಟೆಡ್ ಪೊಲೀಸ್‌ನಲ್ಲಿ ಕಾನ್‌ಸ್ಟೆಬಲ್. ಉತ್ತರದ ಹಿಮದಲ್ಲಿ ಫೋರ್ಟ್ ನಾರ್ಮನ್ ಅನ್ನುವ ಕಡೆ ಪೋಸ್ಟಿಂಗ್. ಮನೆಯಲ್ಲಿ ಅಪ್ಪನ ಕೈ ಜೋರು. ಮಕ್ಕಳಿಗೂ ಬೀಳುತ್ತಿತ್ತು, ಹೆಂಡತಿಗೂ ಬೀಳುತ್ತಿತ್ತು. ಅಣ್ಣ ಎರಿಕ್ ರಾಜಕೀಯಕ್ಕೆ ಹೋಗಿ 1984ರಲ್ಲಿ ಕೆನಡಾದ ಉಪಪ್ರಧಾನಿಯೇ ಆದ. ತಮ್ಮ ಆ ಹೊತ್ತಿಗೆ ಸಿನಿಮಾದಲ್ಲಿ ಪೆದ್ದುತನ ಮಾಡುತ್ತಿದ್ದ. ನಮ್ಮೂರಿನಲ್ಲಾಗಿದ್ದರೆ ಮದುವೆ ಮನೆಯಲ್ಲಿ ಯಾರು ಯಾರನ್ನು ತೋರಿಸಿ ಏನು ಹೇಳುತ್ತಿದ್ದರು ಅಂತ ಸುಮ್ನೆ ಯೋಚಿಸಿ ನೋಡಿ.

ಎರಡನೇ ಮಹಾಯುದ್ಧದಲ್ಲಿ ಕೆನಡಾದ ವಾಯುಪಡೆಗೆ ಸೇರಿದ. ವಿಮಾನದಲ್ಲಿ ಬಂದೂಕು ಹಿಡಿದು ಕೂರುವ ತರಬೇತಿ. ಕಿವಿ ಕೇಳದವನನ್ನು ವಿಮಾನದಲ್ಲಿ ಕೂರಿಸಿದ್ದರು! ವಯಸ್ಸು ಚಿಕ್ಕದಾದ್ದರಿಂದ ಯುದ್ಧಕ್ಕೆ ಹೋಗುವ ಪ್ರಸಂಗ ಬರಲಿಲ್ಲ. ಅದಾದ ಮೇಲೆ ಸ್ವಲ್ಪ ದಿನ ಕ್ಯಾಲ್ಗರಿಯ ರೇಡಿಯೋದಲ್ಲಿ ಹಾಡು ಹಾಕುವ ಕೆಲಸ. ಅಲ್ಲಿಂದ ಟೊರಾಂಟೋಗೆ ಹೋಗಿ ಲಾರ್ನ್ ಗ್ರೀನ್ ನಡೆಸುತ್ತಿದ್ದ ರೇಡಿಯೋ ಶಾಲೆಗೆ ಸೇರಿದ. ಈ ಗ್ರೀನ್ ಯುದ್ಧದ ಕಾಲದಲ್ಲಿ ಕೆನಡಾದ ಪ್ರಸಾರ ಸಂಸ್ಥೆ ಸಿಬಿಸಿಯಲ್ಲಿ ಸುದ್ದಿ ಓದುತ್ತಿದ್ದವರು, ಸಾವಿನ ಸುದ್ದಿಯನ್ನೇ ಓದಿ ಓದಿ ‘ಕೇಡಿನ ದನಿ’ ಅಂತ ಹೆಸರು ಪಡೆದಿದ್ದವರು. ಅಂಥವರ ಶಾಲೆಯಲ್ಲಿ ದನಿ ಪಳಗಿಸಿಕೊಂಡವನು ನೀಲ್ಸನ್. ಅವನ ಹಾಸ್ಯದ ಬೇರು ಇಲ್ಲಿದೆ ಅಂತ ನನ್ನ ಲೆಕ್ಕ. ಆ ದನಿಯಲ್ಲಿ ಬಾಳೆಹಣ್ಣಿನ ರೇಟು ಹೇಳಿದರೂ ಯಾರೋ ಹೋದರೇನೋ ಅನಿಸುತ್ತದೆ.

ಅಲ್ಲಿಂದ ಸ್ಕಾಲರ್‌ಶಿಪ್ ಸಿಕ್ಕಿ ನ್ಯೂಯಾರ್ಕಿಗೆ ಬಂದ. ಅದು ಲೈವ್ ಟೀವಿಯ ಕಾಲ. ನಾಟಕದ ಹಾಗೆ ನೇರ ಪ್ರಸಾರ, ರೀಟೇಕ್ ಇಲ್ಲ. 1950ರ ಒಂದೇ ವರ್ಷದಲ್ಲಿ ಅವನು 40ಕ್ಕಿಂತ ಜಾಸ್ತಿ ಕಾರ್ಯಕ್ರಮಗಳಲ್ಲಿ ಕಾಣಿಸಿಕೊಂಡ. ಮೊದಲ ಪಾತ್ರಕ್ಕೆ ಸಿಕ್ಕಿದ್ದು 75 ಡಾಲರ್, ಜೊತೆಗಿದ್ದವನು ಚಾರ್ಲ್‌ಟನ್ ಹೆಸ್ಟನ್. ಮುಂದೆ ಹೆಸ್ಟನ್ ‘ಬೆನ್-ಹರ್’ ಆದ. ಅದೇ ಚಿತ್ರದ ಮೆಸಾಲಾ ಪಾತ್ರಕ್ಕೆ ನೀಲ್ಸನ್ ಸ್ಕ್ರೀನ್ ಟೆಸ್ಟ್ ಕೊಟ್ಟ. ಪಾತ್ರ ಸ್ಟೀಫನ್ ಬಾಯ್ಡ್‌ಗೆ ಹೋಯಿತು. ಆಡಿಷನ್ ನಡೆಯುವ ನಮ್ಮ ಆರಾಮ್ ನಗರದ ಭಾಷೆಯಲ್ಲಿ ಹೇಳುವುದಾದರೆ, ನಾಟ್ ಫಿಟ್.

ಹೀರೋ ಆಗಲಿಲ್ಲ ಅಂತೇನಲ್ಲ. 1956ರಲ್ಲಿ ‘ಫಾರ್ಬಿಡನ್ ಪ್ಲಾನೆಟ್’ನಲ್ಲಿ ಬಾಹ್ಯಾಕಾಶ ನೌಕೆಯ ಕಮಾಂಡರ್ ಆಗಿದ್ದ. ನೋಡಲು ಲಕ್ಷಣವಾಗಿದ್ದ. ಆದರೆ ಲಕ್ಷಣವಾಗಿದ್ದವರು ಹಾಲಿವುಡ್‌ನಲ್ಲಿ ಓಣಿಗೆ ಹತ್ತು ಜನ. ಆಮೇಲಿನ ಇಪ್ಪತ್ತು ಚಿಲ್ಲರೆ ವರ್ಷ ಟೀವಿಯಲ್ಲಿ ಬಂದುಹೋಗುವ ಪಾತ್ರಗಳು. ‘ಕೊಲಂಬೊ’ದಲ್ಲಿ ಬಂದ, ‘ಮ್ಯಾಶ್’ನಲ್ಲಿ ಕರ್ನಲ್ ಆಗಿ ಬಂದ, ‘ಹವಾಯಿ ಫೈವ್-ಓ’ದಲ್ಲಿ ಬಂದ. ಡಾಕ್ಟರ್, ವಕೀಲ, ಕೊಲೆಗಾರ, ಕೊಲೆಯಾಗುವವನು. ಹೆಸರು ಯಾರಿಗೂ ನೆನಪಿರುವುದಿಲ್ಲ. ಮುಖ ಎಲ್ಲರಿಗೂ ಗೊತ್ತಿರುತ್ತದೆ.

ಈ ಬದುಕು ನನಗೆ ಚೆನ್ನಾಗಿ ಗೊತ್ತು. ರಾತ್ರಿ ಹತ್ತೂವರೆಗೆ, ನಟರನ್ನು ಒದಗಿಸುವ ಕೋಆರ್ಡಿನೇಟರ್ ಫೋನ್ ಮಾಡುತ್ತಾನೆ. ‘ಸರ್‌ಜೀ, ಕಲ್ ಸುಬಹ್ ಸಾತ್ ಬಜೆ, ಮಢ್. ಡಾಕ್ಟರ್ ಕಾ ಹೈ. ಸಫೇದ್ ಕೋಟ್ ಹೈ ನಾ ಆಪ್ಕೆ ಪಾಸ್?’ ಇದೆ. ಬಿಳಿ ಕೋಟು, ಕಪ್ಪು ಕೋಟು, ಒಂದು ನೆಹರೂ ಜಾಕೆಟ್, ಸತ್ತ ಮನೆಗೆ ಅಂತ ಒಂದು ಬಿಳಿ ಕುರ್ತಾ, ನಾಲ್ಕೂ ಇಸ್ತ್ರಿ ಮಾಡಿ ಕಪಾಟಿನ ಹ್ಯಾಂಗರ್‌ನಲ್ಲಿ ತೂಗುತ್ತಿರುತ್ತವೆ. ಇಂಥ ಫೋನ್ ಬಂತು ಅಂದರೆ ಯಾರೋ ಕೈಕೊಟ್ಟಿದ್ದಾರೆ, ನಾಳೆ ಶೂಟ್ ನಿಲ್ಲಬಾರದು, ಅದಕ್ಕೆ ನಾನು. ಬೆಳಿಗ್ಗೆ ವರ್ಸೋವಾ ಜೆಟ್ಟಿಯಿಂದ ಫೆರಿ ಹಿಡಿದು ಮಢ್‌ಗೆ ಹೋಗುವಾಗ ಮೀನಿನ ಬುಟ್ಟಿಗಳ ನಡುವೆ ಕೋಟಿನ ಕವರ್ ಎತ್ತಿ ಹಿಡಿದುಕೊಂಡು ನಿಲ್ಲುತ್ತೇನೆ. ದುಡ್ಡು 90 ದಿನ ಬಿಟ್ಟು. ಅದರಲ್ಲಿ ಕೋಆರ್ಡಿನೇಟರ್ ಪಾಲು ಬೇರೆ.

‘ಏರ್‌ಪ್ಲೇನ್!’ ಅನ್ನುವ ಹಾಸ್ಯ ಚಿತ್ರಕ್ಕೆ ನೀಲ್ಸನ್ ಬೇಕು ಅಂದಾಗ ಅಲ್ಲಿನ ಸ್ಟುಡಿಯೋ ಕಡೆಯವರು ಹೇಳಿದ್ದೂ ಇದನ್ನೇ ಅಂತೆ. ಅವನು ಶೂಟಿಂಗಿನ ಹಿಂದಿನ ರಾತ್ರಿ ಯಾರೂ ಸಿಗದಿದ್ದರೆ ಕರೆಯುವ ನಟ ಅಂತ. ಇದನ್ನು ಓದಿದ ದಿನ ನಾನು ಹೆಂಡತಿಗೆ ಓದಿ ಹೇಳಿದೆ. ‘ನಿಮ್ಮ ಜಾತಿಯವ್ನೇ ಮಾರಾಯ್ರೆ’ ಅಂದಳು.

ಆ ಚಿತ್ರದ ಕತೆ ಹುಟ್ಟಿದ್ದು ಕೆನಡಾದಲ್ಲೇ. ಇದು ನನಗೆ ಬಹಳ ಖುಷಿ ಕೊಟ್ಟ ಸಂಗತಿ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆರ್ಥರ್ ಹೇಲಿ ಅಂತ ಲೇಖಕ, ಇಂಗ್ಲೆಂಡಿನಿಂದ ಕೆನಡಾಕ್ಕೆ ಬಂದವರು. 1956ರಲ್ಲಿ ಸಿಬಿಸಿ ಟೀವಿಗೆ ಒಂದು ನಾಟಕ ಬರೆದರು. ವಿಮಾನದಲ್ಲಿ ಕೊಟ್ಟ ಊಟದಿಂದ ಪೈಲಟ್‌ಗಳ ಹೊಟ್ಟೆ ಕೆಡುತ್ತದೆ, ಯುದ್ಧದಲ್ಲಿ ವಿಮಾನ ಓಡಿಸಿದ್ದ ಒಬ್ಬ ಪ್ರಯಾಣಿಕ ಅದನ್ನು ಇಳಿಸಬೇಕು. ಆ ಪ್ರಯಾಣಿಕನ ಪಾತ್ರ ಮಾಡಿದವನು ಜೇಮ್ಸ್ ಡೂಹನ್, ಮುಂದೆ ‘ಸ್ಟಾರ್ ಟ್ರೆಕ್’ನಲ್ಲಿ ಸ್ಕಾಟಿ ಆದವನು. ಅವನೂ ಕೆನಡಾದವನೇ, ನ್ಯೂಯಾರ್ಕಿನ ನಟನಾ ಶಾಲೆಯಲ್ಲಿ ನೀಲ್ಸನ್‌ನ ಜೊತೆ ಕಲಿತವನು. ಮರುವರ್ಷ, 1957ರಲ್ಲಿ, ಅದೇ ಕತೆ ‘ಝೀರೋ ಅವರ್!’ ಅನ್ನುವ ಸಿನಿಮಾ ಆಯಿತು. ತೀರಾ ಗಂಭೀರ ಸಿನಿಮಾ.

ಎಷ್ಟೋ ವರ್ಷ ಕಳೆದ ಮೇಲೆ ಡೇವಿಡ್ ಝುಕರ್, ಜೆರ್ರಿ ಝುಕರ್, ಜಿಮ್ ಅಬ್ರಹಾಮ್ಸ್ ಅನ್ನುವ ಮೂವರು ಗೆಳೆಯರು ಈ ಸಿನಿಮಾವನ್ನು ಟೀವಿಯಲ್ಲಿ ನೋಡಿದರು. ನಗು ತಡೆಯಲಾಗಲಿಲ್ಲ. ಅವರು ಮಾಡಿದ ಜಾಣತನ ನೋಡಿ. ಹಕ್ಕನ್ನು ದುಡ್ಡು ಕೊಟ್ಟು ಕೊಂಡರು. ಕತೆ ಹಾಗೇ ಇಟ್ಟರು. ಎಷ್ಟೋ ಸಂಭಾಷಣೆಯನ್ನು ಅಕ್ಷರ ಬದಲಾಯಿಸದೆ ಇಟ್ಟರು. ನಗಿಸುವ ನಟರನ್ನು ಕರೆಯಲೇ ಇಲ್ಲ. ರಾಬರ್ಟ್ ಸ್ಟ್ಯಾಕ್, ಲಾಯ್ಡ್ ಬ್ರಿಡ್ಜಸ್, ಪೀಟರ್ ಗ್ರೇವ್ಸ್, ಲೆಸ್ಲಿ ನೀಲ್ಸನ್, ಎಲ್ಲರೂ ಬಿಗಿಮುಖದವರು. ಸಂಗೀತದ ಎಲ್ಮರ್ ಬರ್ನ್‌ಸ್ಟೀನ್ ಅವರಿಗೂ ಅದೇ ಮಾತು, ನಿಜವಾದ ಅಪಾಯದ ಸಿನಿಮಾಕ್ಕೆ ಹೇಗೋ ಹಾಗೇ ಬಾರಿಸಿ ಅಂತ. 35 ಲಕ್ಷ ಡಾಲರಿನ ಚಿತ್ರ, 1980ರಲ್ಲಿ ಬಂತು, ಅಮೆರಿಕದಲ್ಲೇ 8 ಕೋಟಿ ಡಾಲರ್ ದಾಟಿತು. ಡಾಕ್ಟರ್ ರೂಮ್ಯಾಕ್ ಪಾತ್ರ ಮಾಡಿದಾಗ ನೀಲ್ಸನ್‌ಗೆ ಆಗಲೇ 53, 54.

ಅದರಲ್ಲಿ ಒಂದು ಕಡೆ ಡಾಕ್ಟರು ಕಾಯಿಲೆಯ ಹೆಂಗಸಿನ ಬಾಯಿಂದ ಇಡೀ ಮೊಟ್ಟೆಗಳನ್ನು ಒಂದಾದ ಮೇಲೊಂದು ಹೊರಗೆ ತೆಗೆಯುತ್ತಾನೆ. ಮುಖದಲ್ಲಿ ಅಚ್ಚರಿಯಿಲ್ಲ. ನಮ್ಮ ಫ್ಯಾಮಿಲಿ ಡಾಕ್ಟರು ನಾಲಗೆ ಚಾಚಿ ಅನ್ನುವಾಗ ಹೇಗಿರುತ್ತಾರೋ ಹಾಗಿದ್ದಾನೆ. ಇನ್ನು ‘ಶ್ಯೂರ್ಲಿ’ ಅನ್ನುವ ಮಾತನ್ನು ‘ಶರ್ಲಿ’ ಅನ್ನುವ ಹುಡುಗಿ ಹೆಸರು ಅಂದುಕೊಳ್ಳುವ ಆ ಪ್ರಸಿದ್ಧ ಜೋಕು. ಅದನ್ನು ಕನ್ನಡಕ್ಕೆ ತರಲು ನಾನು ಎಷ್ಟೋ ಸಲ ಲೋಕಲ್ ಟ್ರೇನಿನಲ್ಲಿ ಕೂತು ತಿಣುಕಿದ್ದೇನೆ. ಕೈಲಾಸಂ ಇದ್ದಿದ್ದರೆ ಎರಡು ಸ್ಟೇಶನ್ ದಾಟುವಷ್ಟರಲ್ಲಿ ಮುಗಿಸುತ್ತಿದ್ದರು.

ಹೀಗೆ ನಗಿಸುವವರನ್ನು ನಾನು ಚಿಕ್ಕಂದಿನಲ್ಲೇ ನೋಡಿದ್ದೆ. ನಮ್ಮ ಊರಿನ ಗದ್ದೆಯಲ್ಲಿ ಮಂದಾರ್ತಿ ಯಕ್ಷಗಾನ ಮೇಳದ ಹರಕೆ ಆಟ. ನಡುರಾತ್ರಿ ಎರಡು ಗಂಟೆಗೆ, ಎಲ್ಲರೂ ತೂಕಡಿಸುವ ಹೊತ್ತಿಗೆ, ಹಾಸ್ಯಗಾರರ ಪ್ರವೇಶ. ಅರಸನ ದೂತ. ಕೆಲವರು ಬರುತ್ತಲೇ ಬಾಯಿ ಸೊಟ್ಟ ಮಾಡಿಕೊಂಡು ಬರುತ್ತಿದ್ದರು, ಮಕ್ಕಳು ನಗುತ್ತಿದ್ದವು. ಇನ್ನು ಕೆಲವರು ಇದ್ದರು. ದೂತನಿಗೆ ತಾನು ದೂತ ಅಂತ ಪೂರ್ತಿ ನಂಬಿಕೆ. ಅರಸ ಹೇಳಿದ ಕೆಲಸವನ್ನು ಪ್ರಾಣ ಕೊಟ್ಟು ಮಾಡುತ್ತಾನೆ, ಪಾಪ, ತಪ್ಪಾಗಿ ಮಾಡುತ್ತಾನೆ. ತಾನು ತಮಾಷೆಯವನು ಅಂತ ಅವನಿಗೆ ಯಾರೂ ಹೇಳಿಲ್ಲ. ಅಂಥವರನ್ನು ನೋಡಿ ನನ್ನ ಅಜ್ಜ ನಗುತ್ತಿದ್ದರು, ಕವಳ ಗಂಟಲಿಗೆ ಸಿಕ್ಕಿ ಕೆಮ್ಮುವಷ್ಟು.

ಕಿವಿಯ ಮಾತು ಬಂದರೆ ನಮ್ಮ ಟಿ.ಎನ್. ಬಾಲಕೃಷ್ಣ ಅವರನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಕಿವಿ ಮಂದ. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದರು. ಅಷ್ಟಿದ್ದೂ ನೂರಾರು ಚಿತ್ರ ಮಾಡಿದರು. ಮನೆಹಾಳ ಬುದ್ಧಿಯ ಖಳನೂ ಅವರೇ, ನಗಿಸುವವರೂ ಅವರೇ. ನಾನು ಅವರ ಹಳೆಯ ಚಿತ್ರಗಳನ್ನು ಈಗ ನೋಡುವುದು ಬೇರೆ ಕಾರಣಕ್ಕೆ. ಎದುರಿನ ನಟ ಮಾತಾಡುವಾಗ ಅವರ ಕಣ್ಣು ಎಲ್ಲಿರುತ್ತದೆ ನೋಡಿ. ಆಚೀಚೆ ಹೋಗುವುದೇ ಇಲ್ಲ. ಕಿವಿ ಕೇಳುವವನು ಎದುರಿನವನ ಮಾತು ಮುಗಿಯುವುದನ್ನು ಕಾಯುತ್ತಾನೆ ಅಷ್ಟೇ. ಕೇಳದವನು ಆ ಮಾತನ್ನು ಬೇಟೆಯಾಡಬೇಕು. ನೀಲ್ಸನ್‌ನಲ್ಲೂ ನನಗೆ ಅದೇ ಕಾಣಿಸುತ್ತದೆ. ಎದುರಿನವನು ಎಂಥ ಅಸಂಬದ್ಧ ಹೇಳಿದರೂ ಅದನ್ನು ಅಷ್ಟು ಗಮನ ಕೊಟ್ಟು ಕೇಳುತ್ತಾನೆ. ಅರ್ಧ ನಗು ಬರುವುದು ಆ ಗಮನಕ್ಕೆ.

ನನ್ನ ಕತೆಗೆ ಬರುತ್ತೇನೆ. ಮೊಳೆ ಸವರಿದ ಆ ಶಾಟ್ ಯಾರದೋ ಮೊಬೈಲಿನಲ್ಲಿ ಇತ್ತು. ಒಂದೂವರೆ ತಿಂಗಳಲ್ಲಿ ಒಂದು ಕಾಮಿಡಿ ಸೀರಿಯಲ್‌ನವರು ಕರೆದರು. 57ಕ್ಕೆ ಮೊದಲ ಕಾಮಿಡಿ ಪಾತ್ರ. ಕಿವುಡ ಮನೆ ಮಾಲೀಕ. ಅವರಿಗೆ ನನ್ನ ಮೆಷಿನ್ ವಿಷಯ ಗೊತ್ತಿಲ್ಲ. ನಾನೂ ಹೇಳಲಿಲ್ಲ.

ಹುಡುಗ ಡೈರೆಕ್ಟರ್ ಮಾಡಿ ತೋರಿಸಿದ. ಕಿವಿಗೆ ಕೈ ಇಟ್ಟು, ಕಣ್ಣು ದೊಡ್ಡದು ಮಾಡಿ, ‘ಕ್ಯಾssss?’ ಅನ್ನಬೇಕು. ಪ್ರತಿ ಸಲ ಅಂದಾಗಲೂ ಎಡಿಟಿಂಗ್‌ನಲ್ಲಿ ಟೊಂಯ್ ಅಂತ ಸದ್ದು ಹಾಕುತ್ತಾರೆ. ನಾನು ಹೇಳಿದೆ. ಬೇಟಾ, ನಿಜವಾದ ಕಿವುಡ ‘ಏನು’ ಅಂತ ಕೇಳುವುದಿಲ್ಲ. ಒಂದು ಸಲ ಕೇಳುತ್ತಾನೆ, ಎರಡು ಸಲ ಕೇಳುತ್ತಾನೆ. ಮೂರನೇ ಸಲ ಕೇಳಲು ನಾಚಿಕೆ. ಸುಮ್ನೆ ತಲೆ ಆಡಿಸುತ್ತಾನೆ. ತನಗೆ ಕೇಳಿಸಿದ್ದೇ ಸರಿ ಅಂತ ಹೊರಟುಹೋಗುತ್ತಾನೆ. ನನ್ನ ಹೆಂಡತಿ ಒಂದು ಭಾನುವಾರ ‘ಬಂಗುಡೆ ತನ್ನಿ’ ಅಂದಳು. ನಾನು ತಲೆ ಆಡಿಸಿ ಹೋಗಿ ಒಂದು ಕಿಲೋ ಬೆಂಡೆ ತಂದೆ. ಎಳೆಯದೇ ಇದೆಯಾ ಅಂತ ಒಂದೊಂದರ ತುದಿ ಮುರಿದು ನೋಡಿ ತಂದಿದ್ದೆ. ಮಸಾಲೆ ಅರೆದು ಕಾಯುತ್ತಿದ್ದವಳ ಮುಂದೆ ಚೀಲ ಇಟ್ಟು, ಒಳ್ಳೇದು ಸಿಕ್ಕಿತು ನೋಡು ಅಂದೆ. ಆ ಮುಖ ಬೇಕು ನಿಮಗೆ. ಒಳ್ಳೇದು ಸಿಕ್ಕಿತು ಅನ್ನುವ ಮುಖ.

ಹುಡುಗನಿಗೆ ಅರ್ಥವಾಯಿತು ಅನಿಸುತ್ತೆ. ಒಂದು ಟೇಕ್ ನನ್ನ ಥರ ಮಾಡಿಸಿದ. ಬಾಡಿಗೆದಾರ ‘ಚಾಬಿ ಖೋ ಗಯೀ’ ಅನ್ನುತ್ತಾನೆ, ಕೀಲಿ ಕಳೆದುಹೋಯಿತು ಅಂತ. ನನಗೆ ‘ಭಾಭಿ ಖೋ ಗಯೀ’, ಅತ್ತಿಗೆ ಕಳೆದುಹೋದಳು, ಅಂತ ಕೇಳಿಸುತ್ತದೆ. ನಾನು ಅವನ ಭುಜದ ಮೇಲೆ ಕೈ ಇಟ್ಟು, ಬಹಳ ದುಃಖದಿಂದ, ‘ಸಂಜೆಯವರೆಗೆ ನೋಡು, ಇಲ್ಲದಿದ್ದರೆ ಡೂಪ್ಲಿಕೇಟ್ ಮಾಡಿಸೋಣ’ ಅಂದೆ. ಡೂಪ್ಲಿಕೇಟ್ ಸಾಲು ಸ್ಕ್ರಿಪ್ಟಿನಲ್ಲಿ ಮೊದಲೇ ಇತ್ತು, ಕೀಲಿಗೆ ಅಂತ. ನಾನು ಅಕ್ಷರ ಬದಲಾಯಿಸಲಿಲ್ಲ. ಲೈಟ್‌ನವರು ನಕ್ಕರು. ಲೈಟ್‌ನವರನ್ನು ನಗಿಸುವುದು ಸುಲಭವಲ್ಲ, ದಿನಕ್ಕೆ ಹನ್ನೆರಡು ಗಂಟೆ ಇದನ್ನೇ ನೋಡುವವರು ಅವರು.

ಟೀವಿಯಲ್ಲಿ ಬಂದಾಗ ನೋಡಿದೆ. ಭುಜದ ಮೇಲೆ ಕೈ ಇಟ್ಟೆ, ಟೊಂಯ್. ಬಾಯಿ ತೆರೆದೆ, ಟೊಂಯ್. ಮಾತು ಮುಗಿಯುವ ಮುಂಚೆ ಯಾರೋ ನೂರು ಜನ ನಕ್ಕ ಸದ್ದು. ಎರಡೇ ಎಪಿಸೋಡ್‌ಗೆ ಮನೆ ಮಾಲೀಕ ಹರಿದ್ವಾರಕ್ಕೆ ಹೋಗಿಬಿಟ್ಟ. ದುಡ್ಡು 90 ದಿನ ಅಂದಿದ್ದು 140ಕ್ಕೆ ಬಂತು.

ನೀಲ್ಸನ್‌ಗೂ ಇಂಥದ್ದು ಆಗಿತ್ತು, ಇದಕ್ಕಿಂತ ಮರ್ಯಾದೆಯ ರೀತಿಯಲ್ಲಿ. 1982ರಲ್ಲಿ ಅದೇ ಮೂವರು ಗೆಳೆಯರು ‘ಪೊಲೀಸ್ ಸ್ಕ್ವಾಡ್!’ ಅಂತ ಸೀರಿಯಲ್ ಮಾಡಿದರು. ಡಿಟೆಕ್ಟಿವ್ ಫ್ರ್ಯಾಂಕ್ ಡ್ರೆಬಿನ್. ನಗುವಿನ ಸದ್ದು ಹಾಕುವುದಿಲ್ಲ ಅಂತ ಪಟ್ಟು ಹಿಡಿದರು. ಆರು ಎಪಿಸೋಡ್‌ಗೆ ಎಬಿಸಿ ಚಾನೆಲ್ ನಿಲ್ಲಿಸಿತು. ಚಾನೆಲ್‌ನ ಮುಖ್ಯಸ್ಥರು ಕೊಟ್ಟ ಕಾರಣ ಈಗಲೂ ಜನ ನೆನೆಸಿಕೊಂಡು ನಗುತ್ತಾರೆ. ನೋಡುಗರು ಇದನ್ನು ಕಣ್ಣಿಟ್ಟು ನೋಡಬೇಕಾಗುತ್ತದೆ, ಅದಕ್ಕೇ ನಡೆಯಲಿಲ್ಲ ಅಂತ. ನನಗೇನೋ ಅವರು ಹೇಳಿದ್ದರಲ್ಲಿ ಪೂರ್ತಿ ತಪ್ಪು ಕಾಣುವುದಿಲ್ಲ. ಮನೆಯಲ್ಲಿ ಟೀವಿ ನೋಡುವುದು ಅಂದರೆ ಅರ್ಧ ಕಣ್ಣು ಹರಿವೆ ಸೊಪ್ಪಿನ ಮೇಲೆ, ಅರ್ಧ ಟೀವಿಯ ಮೇಲೆ. ಟೊಂಯ್ ಅಂದಾಗ ತಲೆ ಎತ್ತುತ್ತಾರೆ. ನೀಲ್ಸನ್‌ಗೆ ಆ ಪಾತ್ರಕ್ಕೆ ಅಮೆರಿಕದ ಟೀವಿ ಪ್ರಶಸ್ತಿ ಎಮ್ಮಿಯ ನಾಮಿನೇಶನ್ ಬಂತು. ಆರು ವರ್ಷ ಬಿಟ್ಟು 1988ರಲ್ಲಿ ಅದೇ ಡ್ರೆಬಿನ್ ಸಿನಿಮಾಕ್ಕೆ ಬಂದ, ‘ದಿ ನೇಕೆಡ್ ಗನ್’ ಆಯಿತು. ಕತ್ತಲ ಥಿಯೇಟರಿನಲ್ಲಿ ಜನ ಕಣ್ಣಿಟ್ಟೇ ನೋಡುತ್ತಾರಲ್ಲ. ಆಗ ಅವನಿಗೆ 62. ನಮ್ಮಲ್ಲಿ ಪಿಂಚಣಿ ತೆಗೆದುಕೊಂಡು ಮನೆಯಲ್ಲಿ ಕೂರುವ ವಯಸ್ಸು.

ಇನ್ನೆರಡು ಭಾಗ ಬಂದವು, 1991 ಮತ್ತು 1994ರಲ್ಲಿ. ಆಮೇಲಿನ ಚಿತ್ರಗಳು ನನಗೆ ಅಷ್ಟು ಹಿಡಿಸಲಿಲ್ಲ. ಬೈಯಬೇಡಿ. ‘ಸ್ಪೈ ಹಾರ್ಡ್’, ‘ಮಿಸ್ಟರ್ ಮಗೂ’ ಥರದವು. ಅಲ್ಲಿ ಅವನ ಹುಬ್ಬು ಅಲುಗಾಡುತ್ತದೆ. ಕಣ್ಣು ಉರುಳುತ್ತದೆ. ತಾನು ತಮಾಷೆಯವನು ಅಂತ ದೂತನಿಗೆ ಯಾರೋ ಹೇಳಿಬಿಟ್ಟಿದ್ದಾರೆ. ಆದರೂ ಅವನನ್ನು ದೂರುವ ಮನಸ್ಸಿಲ್ಲ. ಮೂವತ್ತು ವರ್ಷ ಕಾಲ ಶೂಟಿಂಗಿನ ಹಿಂದಿನ ರಾತ್ರಿಯ ಫೋನಿಗೆ ಕಾದವನು, ಈಗ ಅವನ ಮುಖವೇ ಪೋಸ್ಟರಿನ ತುಂಬ. ಬೇಡ ಅನ್ನಲು ಯಾರಿಗೆ ಬಾಯಿ ಬರುತ್ತದೆ?

ಗಂಭೀರ ಪಾತ್ರವನ್ನು ಪೂರ್ತಿ ಬಿಡಲಿಲ್ಲ. ಕ್ಲಾರೆನ್ಸ್ ಡ್ಯಾರೋ ಅನ್ನುವ ಅಮೆರಿಕದ ಹೆಸರಾಂತ ವಕೀಲರ ಬಗ್ಗೆ ಇರುವ ಏಕವ್ಯಕ್ತಿ ನಾಟಕವನ್ನು ಊರೂರಿಗೆ ತೆಗೆದುಕೊಂಡು ಹೋಗಿ ಆಡಿದ. ಅದನ್ನು ನೋಡುವ ಆಸೆ ನನಗೆ ಬಹಳ. ಕೆನಡಾದ ‘ಡ್ಯೂ ಸೌತ್’ ಸೀರಿಯಲ್‌ನಲ್ಲಿ ಮೌಂಟೆಡ್ ಪೊಲೀಸ್‌ನ ಮುದಿ ಸಾರ್ಜೆಂಟ್ ಆಗಿ ಬಂದ. ಅಪ್ಪ ಹಾಕಿದ್ದ ಅದೇ ಕೆಂಪು ಕೋಟು. ಹೊಡೆಯುತ್ತಿದ್ದ ಅಪ್ಪನ ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ಅವನಿಗೆ ಏನನಿಸಿತೋ. ನಾನು ಸೆಟ್‌ನಲ್ಲಿ ಬಿಳಿ ಪಂಚೆ ಉಟ್ಟಾಗಲೆಲ್ಲ ನನ್ನ ಅಪ್ಪನೇ ಕನ್ನಡಿಯಲ್ಲಿ ಬಂದು ನಿಲ್ಲುತ್ತಾರೆ. ಅವರೂ ಕೈ ಜೋರಿನವರೇ.

ಇನ್ನೊಂದು ವಿಷಯ. ಮರ್ಯಾದಸ್ಥರು ಈ ಪ್ಯಾರಾ ಬಿಟ್ಟು ಓದಿ. ಅವನು ಸದಾ ಅಂಗೈಯಲ್ಲಿ ಒಂದು ಸಣ್ಣ ಆಟಿಕೆ ಇಟ್ಟುಕೊಂಡಿರುತ್ತಿದ್ದ. ಒತ್ತಿದರೆ ಹೂಸಿನ ಸದ್ದು. ಸೆಟ್‌ನಲ್ಲಿ, ಟೀವಿ ಸಂದರ್ಶನದಲ್ಲಿ, ಲಿಫ್ಟ್‌ನಲ್ಲಿ. ಒತ್ತಿ, ಮುಖ ಕೊಂಚವೂ ಅಲುಗಾಡಿಸದೆ, ಮಾತು ಮುಂದುವರಿಸುತ್ತಿದ್ದ. ಎದುರಿನವರು ಕೇಳಿಸಲಿಲ್ಲ ಅನ್ನುವ ಹಾಗೆ ನಟಿಸಬೇಕಾಗುತ್ತಿತ್ತು. ಜೀವನಪೂರ್ತಿ ಕೇಳಿಸಿದೆ ಅಂತ ನಟಿಸಿದವನು, ಊರವರಿಂದ ಕೇಳಿಸಲಿಲ್ಲ ಅಂತ ನಟನೆ ಮಾಡಿಸಿದ. ಇದಕ್ಕಿಂತ ಚಂದದ ಸೇಡು ನಾನು ಕಂಡಿಲ್ಲ.

2010ರ ನವೆಂಬರ್ 28ರಂದು ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ತೀರಿಕೊಂಡ. ನ್ಯುಮೋನಿಯಾ. 84 ವರ್ಷ. ಸಮಾಧಿಯ ಕಲ್ಲಿನ ಮೇಲೆ ಬರೆಸಲು ಅವನೇ ಆರಿಸಿಟ್ಟಿದ್ದ ಮಾತು ಆ ಆಟಿಕೆಯನ್ನೇ ನೆನಪಿಸುವಂಥದ್ದು. ‘ಬಿಡು ಮತ್ತೆ’ ಅನ್ನಬಹುದು ಕನ್ನಡದಲ್ಲಿ. ಪಕ್ಕದಲ್ಲಿ ಒಂದು ಬೆಂಚು ಹಾಕಿದ್ದಾರೆ. ಅದರ ಮೇಲೂ ಅವನದೇ ಒಂದು ಮಾತು. ಸಿಕ್ಕಾಗಲೆಲ್ಲ ಕೂತುಕೋ ಅಂತ.

ಆ ಬೆಂಚಿನ ಮಾತು ನಟನೆಯ ಶಾಲೆಯಲ್ಲಿ ಯಾರೂ ಕಲಿಸುವುದಿಲ್ಲ. ಸೆಟ್‌ನಲ್ಲಿ ಡೈರೆಕ್ಟರ್‌ಗೆ ಕುರ್ಚಿ ಇರುತ್ತೆ, ಹೀರೋಗೆ ವ್ಯಾನ್ ಇರುತ್ತೆ. ನಮ್ಮಂಥವರಿಗೆ ಮೂಲೆಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ, ಏಳು ಜನ. ಎದ್ದು ನೀರು ಕುಡಿದು ಬರುವಷ್ಟರಲ್ಲಿ ಹೀರೋನ ಅಮ್ಮ ಕೂತಿರುತ್ತಾರೆ. ಅವರ ಮಂಡಿಯೂ ನನ್ನ ಮಂಡಿಯಂಥದ್ದೇ, ಏಳಿ ಅನ್ನುವ ಹಾಗಿಲ್ಲ. ಸೆಟ್‌ನ ಸೋಫಾ ಮುಟ್ಟಿದರೆ ಕಂಟಿನ್ಯೂಟಿ ಹುಡುಗಿ ಓಡಿ ಬರುತ್ತಾಳೆ.

ಈಗಷ್ಟೇ ಫೋನ್ ಬಂತು. ನಾಳೆ ಬೆಳಿಗ್ಗೆ ಏಳಕ್ಕೆ ನಾಯ್ಗಾಂವ್. ಕಪ್ಪು ಕೋಟು ಇದೆಯಾ ಅಂತ ಕೇಳಿದ. ಇದೆ ಅಂದೆ. ವಕೀಲನಾ ಜಡ್ಜಾ ಅಂತ ಕೇಳಿದೆ. ಏನೋ ಹೇಳಿದ, ಸರಿಯಾಗಿ ಕೇಳಿಸಲಿಲ್ಲ, ತಲೆ ಆಡಿಸಿದೆ. ಹೊಸ ಸೆಲ್ ಹಾಕಿಕೊಂಡು ಮತ್ತೆ ಫೋನ್ ಮಾಡಿ ಕೇಳಿದೆ. ಜಡ್ಜ್ ಅಂತೆ. ದುಡ್ಡಿನ ವಿಷಯ ಎತ್ತಲೇ ಇಲ್ಲ. ಜಡ್ಜ್‌ಗೆ ಇಡೀ ದಿನ ಕುರ್ಚಿ ಇರುತ್ತೆ.